ಎಂಜಿನ್ ಒಳಗೆ ಹೋದ ಕೈ

ದೇವನೂರಿನ ನಿಂಗರಾಜುವಿಗೆ ಎಂಜಿನ್ನಿನ ಕಾಯಿಲೆ ಕಿವಿಯಲ್ಲೇ ಗೊತ್ತಾಗುತ್ತದೆ. ರಸ್ತೆ ಬದಿಗೆ ಸೈಕಲ್ ನಿಲ್ಲಿಸಿ, ಇಳಿಯದೆ ಒಂದು ಕಾಲು ನೆಲಕ್ಕೂರಿ, ಗದ್ದೆಯ ಆಚೆ ಡಬಡಬ ಅನ್ನುವ ಪಂಪ್‌ಸೆಟ್ಟಿನ ಸದ್ದನ್ನು ಒಂದು ಗಳಿಗೆ ಕೇಳುತ್ತಾನೆ. "ನಾಜಲ್ಲು ಓಗದ. ಬಿಚ್ಚಿಡಿ, ಸಂಜ್ಗೆ ಬತ್ತೀನಿ" ಎಂದು ಕೂಗಿ ಪೆಡಲ್ ತುಳಿಯುತ್ತಾನೆ. ಬಿಚ್ಚಿ ನೋಡಿದರೆ ಡೀಸೆಲ್ ಚಿಮ್ಮಿಸುವ ನಾಜಲ್ಲೇ ಹೋಗಿರುತ್ತದೆ. ಬದನವಾಳಿನ ಕಡೆಗೆ ಹೋಗುವ ರಸ್ತೆಯಲ್ಲಿ ಈಗ ಅವನದೊಂದು ತಗಡಿನ ಶೆಡ್ಡು ಇದೆ. ಪಂಪ್‌ಸೆಟ್ಟು, ಟಿಲ್ಲರು, ಹಿಟ್ಟಿನ ಗಿರಣಿಯ ಎಂಜಿನ್ನು, ಯಾವುದನ್ನು ತಂದರೂ ಇಲ್ಲ ಅನ್ನುವುದಿಲ್ಲ. ದೋಣಿಯ ಎಂಜಿನ್ ಎಂದರೆ ಮಾತ್ರ ತಗ್ಗಿಸಿದ ತಲೆ ಎತ್ತುವುದಿಲ್ಲ. ಯಾಕೆ ಎಂದು ಕೇಳಿದರೆ, "ನೀರಿನ ಸಾವಾಸ ಬ್ಯಾಡ ಸಾ" ಅನ್ನುತ್ತಾನೆ. ನೀರಿನ ಮೇಲೆ ತಪ್ಪು ಹೊರಿಸಿ ಮನುಷ್ಯರನ್ನು ಬಿಟ್ಟುಬಿಡುವಷ್ಟು ದೊಡ್ಡ ಮನಸ್ಸು ಅವನಿಗೆ ಇರಬಹುದು. ಕಥೆ ಹೇಳುವವರಿಗೆ ಇರಬೇಕೆಂದೇನೂ ಇಲ್ಲ.

ತೊಂಬತ್ತಮೂರರಲ್ಲಿ ಟಿ. ನರಸೀಪುರದ ಅಮೃತೇಶ ಅವನನ್ನು ಹುಡುಕಿಕೊಂಡು ಬಂದ. ಅಮೃತೇಶನದು ಭತ್ತದ ವ್ಯಾಪಾರದ ಮನೆತನ. ಅಪ್ಪ ತೀರಿಕೊಂಡ ಮೇಲೆ ಮಂಡಿ ಅಣ್ಣಂದಿರ ಕೈಗೆ ಹೋಗಿ, ಇವನ ಪಾಲಿಗೆ ಹೊಳೆ ದಂಡೆಯ ಮನೆಯೂ ಅವ್ವ ಪುಟ್ಟಬಸಮ್ಮನೂ ಉಳಿದಿದ್ದರು. ಯಾವುದೋ ಜಲಾಶಯದಲ್ಲಿ ದುಡಿದು ಹಣ್ಣಾಗಿ ಹರಾಜಿಗೆ ಬಂದಿದ್ದ ಮೋಟಾರ್ ದೋಣಿಯೊಂದನ್ನು ಹಿಡಿದು, ಲಾರಿಗೆ ಹೇರಿಸಿಕೊಂಡು ಬಂದು ಸಂಗಮದ ದಡದಲ್ಲಿ ಮಲಗಿಸಿದ್ದ. ಎಂಜಿನ್ ಸ್ಟಾರ್ಟ್ ಆಗುತ್ತಿರಲಿಲ್ಲ. ಮೈಸೂರಿನಿಂದ ಬಂದ ಇಬ್ಬರು ಮೆಕ್ಯಾನಿಕ್‌ಗಳು ಗುಜರಿಗೆ ಹಾಕು ಎಂದು ಹೇಳಿ, ಕಾಫಿ ಕುಡಿದು ಹೋಗಿದ್ದರು. ನಿಂಗರಾಜು ಬಂದು ಹಲಗೆ ಎತ್ತಿ ನೋಡಿ ನಕ್ಕುಬಿಟ್ಟ. ಹೆಸರಿಗೆ ದೋಣಿಯ ಎಂಜಿನ್ನು; ನೋಡಿದರೆ ಪಂಪ್‌ಸೆಟ್ಟಿನ ಸೋದರಮಾವ. ಅವನು ಹತ್ತು ವರ್ಷದಿಂದ ಜೊತೆಗೆ ಬಾಳಿದ ಸಂಸಾರವೇ ಅದು. ರೋಗವೂ ಎಲ್ಲ ಹೊರಗಿನದು: ಡೀಸೆಲ್ ಪಂಪು, ನಾಜಲ್ಲು, ಕಟ್ಟಿಕೊಂಡಿದ್ದ ಪೈಪುಗಳು. ಎಂಜಿನ್ನಿನ ಹೊಟ್ಟೆ ಬಿಚ್ಚುವ ಪ್ರಮೇಯವೇ ಬರಲಿಲ್ಲ. ಎಂಟನೆಯ ದಿನ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ನು ಕೆಮ್ಮಿ, ಕರಿ ಹೊಗೆ ಉಗುಳಿ, ಹತ್ತಿಕೊಂಡಿತು.

ಅವತ್ತು ಅಮೃತೇಶ ಅವನ ಎಣ್ಣೆ ಮೆತ್ತಿದ ಹೆಗಲ ಮೇಲೆ ಕೈ ಹಾಕಿದ್ದ. "ದ್ವಾಣಿ ನಂದು, ಎಂಜಿನ್ನು ನಿಂದು ಕಣ್ಲಾ ನಿಂಗ. ನೀನಲ್ದೆ ಇನ್ಯಾರೂ ಇದುನ್ನ ಮುಟ್ಟಂಗಿಲ್ಲ."

ನಿಂಗರಾಜು ಹುಟ್ಟಿದ ಕೇರಿಯವರಿಗೆ ಅಂಥ ಮನೆಯವರು ಹೆಗಲ ಮೇಲೆ ಕೈ ಹಾಕುವುದು ದಿನಾ ಆಗುವ ಮಾತಲ್ಲ. ಅವನಪ್ಪ ಅಂಥವರ ಜಗಲಿಯ ಕೆಳಗೆ ನಿಂತು ಮಾತಾಡಿದವನು. ಒಂದು ಸಲ ಅಮೃತೇಶ ದೇವನೂರಿಗೇ ಬಂದು, ಕೇರಿಯೊಳಗೆ ನಡೆದು, ನಿಂಗರಾಜುವಿನ ಹೆಂಡತಿ ಪುಟ್ಟಮಾದಮ್ಮ ಕೊಟ್ಟ ಟೀ ಕುಡಿದು, ಲೋಟ ಕೆಳಗಿಟ್ಟು, "ಸಕ್ಕರೆ ವಸಿ ಜಾಸ್ತಿ ಆಯ್ತು ಕಣವ್ವ" ಎಂದೂ ಹೇಳಿ ಹೋಗಿದ್ದ. ಆ ಮಾತನ್ನು ನಿಂಗರಾಜು ಎಷ್ಟು ಜನಕ್ಕೆ ಹೇಳಿಕೊಂಡನೋ ಲೆಕ್ಕವಿಲ್ಲ. ಸಕ್ಕರೆ ಜಾಸ್ತಿಯಾಯಿತು ಅನ್ನಬೇಕಾದರೆ ಮನೆಯವನೇ ಆಗಿರಬೇಕಲ್ಲ, ಅನ್ನುತ್ತಿದ್ದ. ಪುಟ್ಟಮಾದಮ್ಮ ಮಾತ್ರ ಹಿಗ್ಗಲಿಲ್ಲ. "ಕುಡುದ್ರು ಸರಿ. ಅದುಕ್ಯಾಕೆ ಊರ್ಗೆಲ್ಲ ಡಂಗುರ" ಎಂದಳು.

ಎಂಟು ವರ್ಷ ದೋಣಿ ಓಡಿತು. ಆಚೆ ದಡದ ರೈತರು, ಪೇಟೆಗೆ ಬರುವ ಹೆಂಗಸರು, ಸೋಮವಾರ ಬಂತೆಂದರೆ ಸಂಗಮದಲ್ಲಿ ಮುಳುಗು ಹಾಕುವವರು. ಕಾರ್ತಿಕದಲ್ಲಂತೂ ಸುತ್ತಲಿನ ಊರುಗಳವರು ತಮ್ಮ ತಮ್ಮ ದೇವರಿಗೆ ಹೊಳೆ ನೀರು ಒಯ್ಯಲು ಕಳಶ ಹೊತ್ತು ಬರುತ್ತಿದ್ದರು. ನಡುಹೊಳೆಗೆ ಹೋಗಿ, ಎರಡು ನದಿಯೂ ಕೂಡಿದ ಕಡೆ ನೀರು ತುಂಬಿಸಿಕೊಂಡು ಬರಲು ಅವರಿಗೆ ಈ ದೋಣಿಯೇ ಬೇಕು. ಎಂಜಿನ್ನು ಸಣ್ಣಗೆ ಕೆಮ್ಮಿದರೂ ನಿಂಗರಾಜು ಬಸ್ಸು ಹತ್ತಿ ಬರುತ್ತಿದ್ದ. ಕೆಲಸ ಮುಗಿದ ಮೇಲೆ ಇಬ್ಬರೂ ದೋಣಿಯ ಮೂತಿಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಪುಟ್ಟಬಸಮ್ಮನ ಹುರುಳಿ ಚಟ್ನಿಯ ರುಚಿ ನಿಂಗರಾಜುವಿಗೆ ತನ್ನ ಅವ್ವನ ಕೈರುಚಿಯಷ್ಟೇ ಪರಿಚಯವಾಗಿತ್ತು.

ಎರಡು ಸಾವಿರದ ಒಂದರ ದಸರಾ ಮುಗಿಯುವ ಹೊತ್ತಿಗೆ ಎಂಜಿನ್ನು ನೀಲಿ ಹೊಗೆ ಬಿಡತೊಡಗಿತು. ಪಿಸ್ಟನ್ ರಿಂಗು ಸವೆದಿತ್ತು. ಮೊದಲ ಸಲ ನಿಂಗರಾಜು ಎಂಜಿನ್ನಿನ ಹೆಡ್ಡು ಎತ್ತಿದ, ಕೆಳಗಿನ ಎಣ್ಣೆ ಚೇಂಬರಿನೊಳಗೆ ಮೊಣಕೈವರೆಗೆ ಕೈ ಹಾಕಿ ತೊಳೆದ, ಹೊಸ ರಿಂಗು ಕೂರಿಸಿ, ಹೊಸ ಎಣ್ಣೆ ತುಂಬಿದ. ಹೊಗೆ ನಿಂತಿತು. ಊರಿಗೆ ಹೋಗಿ ಎರಡು ರಾತ್ರಿ ಮಲಗಿದ್ದನೋ ಇಲ್ಲವೋ, ಪಂಚಾಯ್ತಿ ಫೋನಿಗೆ ಅಮೃತೇಶನ ಕರೆ ಬಂತು.

"ನಿಂಗ, ಎಣ್ಣೆ ಕಡ್ಡಿ ಎತ್ ನೋಡ್ದೆ. ಎಣ್ಣೆ ಕಾಫಿ ಆಗೋಗದ ಕಣ್ಲಾ."

ಹಾಲು ಹಾಕಿದ ಕಾಫಿಯ ಬಣ್ಣದ ಎಣ್ಣೆ ಎಂದರೆ ಎಣ್ಣೆಗೆ ನೀರು ಸೇರಿದೆ ಎಂದರ್ಥ. ಹೊಳೆಯ ನೀರನ್ನೇ ಹೀರಿ ಮೈ ತಣ್ಣಗೆ ಮಾಡಿಕೊಳ್ಳುವ ಎಂಜಿನ್ನು ಅದು. ನೀರು ಸುತ್ತುವ ದಾರಿ ಬೇರೆ, ಎಣ್ಣೆ ಇರುವ ಜಾಗ ಬೇರೆ. ನಡುವಿನ ಗೋಡೆ ಎಲ್ಲೋ ಬಿಟ್ಟುಕೊಟ್ಟಿರಬೇಕು. ನಿಂಗರಾಜು ಓಡಿ ಬಂದ. ಹೆಡ್ಡಿನ ಕೆಳಗೆ ಸೋರದಂತೆ ಕೂರಿಸುವ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲವೇನೋ ಎಂದು ಎಲ್ಲ ಬಿಚ್ಚಿ ಹೊಸದು ಹಾಕಿದ, ಚೇಂಬರ್ ತೊಳೆದ, ಎಣ್ಣೆ ಬದಲಿಸಿದ. ಮೂರನೆಯ ದಿನಕ್ಕೆ ಎಣ್ಣೆ ಮತ್ತೆ ಕಾಫಿ. ಈ ಸಲ ಸಿಲಿಂಡರಿನ ಒಳಕೊಳವೆ ಲೈನರನ್ನೇ ಎತ್ತಿ, ಬುಡದ ರಬ್ಬರ್ ಬಳೆಗಳನ್ನು ಬದಲಿಸಿದ. ಕತ್ತಲಾದ ಮೇಲೂ ಕೆಲಸ ಮುಗಿಯದೆ ಅಮೃತೇಶ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬ್ಯಾಟರಿ ಬೆಳಕು ಬಿಟ್ಟ. "ಸಿಕ್ತೇನ್ಲಾ?" ಎಂದು ನಡುನಡುವೆ ಕೇಳಿದ. ನಾಲ್ಕು ದಿನಕ್ಕೆ ಮತ್ತೆ ಅದೇ ಹಾಡು. ಅಷ್ಟಕ್ಕೆ ನಿಲ್ಲಲಿಲ್ಲ. ನೀರು ಬೆರೆತ ಎಣ್ಣೆಗೆ ಜಾರಿಸುವ ಶಕ್ತಿ ಎಲ್ಲಿಂದ ಬರಬೇಕು? ನಡುಹೊಳೆಯಲ್ಲಿ ಎಂಜಿನ್ನು ಕಟಕಟ ಎಂದು ನಿಂತೇಹೋಯಿತು. ಇಪ್ಪತ್ತು ಜನರನ್ನು ಹೊತ್ತ ದೋಣಿ ತೇಲಿಕೊಂಡು ಹೋಗಿ ಮರಳದಿಬ್ಬಕ್ಕೆ ತಗುಲಿತು. ಹರಿಗೋಲಿನವರು ಹಗ್ಗ ಹಾಕಿ ಎಳೆದು ತಂದರು. ಯಾರಿಗೂ ಏನೂ ಆಗಲಿಲ್ಲ, ನಿಂಗರಾಜುವಿನ ಹೆಸರಿಗೆ ಬಿಟ್ಟು.

ಅವನ ಕೈಗುಣ ಕೆಟ್ಟಿದೆ ಎಂಬ ಮಾತು ಹೊಳೆಯಿಂದ ಎದ್ದು ನಂಜನಗೂಡು ತಾಲ್ಲೂಕಿಗೆ ಅವನಿಗಿಂತ ಮೊದಲೇ ಬಂದು ಕೂತಿತ್ತು. ನಮ್ಮ ಕಡೆ ವೈದ್ಯನಿಗೂ ಕೈಗುಣ, ಮೆಕ್ಯಾನಿಕ್ಕಿಗೂ ಕೈಗುಣ. ವಿದ್ಯೆ ಎಷ್ಟೇ ಇರಲಿ, ಕೈಗುಣ ಇಲ್ಲವೆಂದು ಒಂದು ಸಲ ಬಾಯಿಗೆ ಬಿದ್ದರೆ ಮುಗಿಯಿತು, ಹೊಲದ ಬಾಗಿಲು ಹಾಕಿಕೊಳ್ಳುತ್ತದೆ. ಹೆಮ್ಮರಗಾಲದ ನಂಜುಂಡೇಶ ಹನ್ನೆರಡು ವರ್ಷದಿಂದ ಬೇರೆಯವರಿಂದ ಪಂಪು ಮುಟ್ಟಿಸಿದವನಲ್ಲ. ಅವನೂ ಎದುರಿಗೆ ಸಿಕ್ಕಾಗ ಟವೆಲ್ ಸರಿಮಾಡಿಕೊಳ್ಳುತ್ತ, "ಬೇಜಾರ್ ಮಾಡ್ಕಬ್ಯಾಡ ಕಣಪ್ಪ ನಿಂಗ. ದ್ವಾಣಿ ವಿಚಾರ ಕೇಳ್ದೆ. ಈ ಸಲುಕ್ಕ ಇನ್ನೊಬ್ರುನ್ನ ಕರ್ಸಿವ್ನಿ" ಎಂದ.

ಜನ ಅಂದದ್ದನ್ನು ಹೇಗೋ ನುಂಗಿಕೊಳ್ಳಬಹುದು. ನಿಂಗರಾಜು ತಾನೂ ಅದನ್ನೇ ನಂಬತೊಡಗಿದ್ದ. ಕಣ್ಣು ಮುಚ್ಚಿ ಬಿಗಿಯುತ್ತಿದ್ದ ನಟ್ಟನ್ನು ಮೂರು ಮೂರು ಸಲ ಮುಟ್ಟಿ ನೋಡುತ್ತಿದ್ದ. ಮನೆಗೆ ಬಂದು ಕೂತರೆ, ಎಡಗಡೆಯ ಬೋಲ್ಟು ಬಿಗಿ ಮಾಡಿದೆನೋ ಇಲ್ಲವೋ ಎಂದು ಅನ್ನದ ತಟ್ಟೆಯ ಮುಂದೆಯೇ ಯೋಚನೆಗೆ ಬೀಳುತ್ತಿದ್ದ. ಒಂದು ಬೆಳಿಗ್ಗೆ ಎರಡೂ ಅಂಗೈಯನ್ನು ಬಿಸಿಲಿಗೆ ಹಿಡಿದು ನೋಡಿಕೊಳ್ಳುತ್ತಿದ್ದವನನ್ನು ಪುಟ್ಟಮಾದಮ್ಮ ಕಂಡಳು.

"ಏನ್ ನೋಡ್ತೀಯೆ?"

"ಈ ಕೈ ನಂದೇನಾ ಅಂತ" ಎಂದ.

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿ ಬಂದು ಪಕ್ಕ ಕೂತಳು. "ಕೈ ನಿಂದೇ. ಎಂಜಿನ್ನು ಅವುರ್ದು. ಯಾವ್ದು ಕೆಟ್ಟದ ಅಂತ ಸರ್ಯಾಗ್ ನೋಡು" ಎಂದಳು. ಅವಳಿಗೆ ಎಂಜಿನ್ನಿನ ತಲೆ ಬುಡ ಗೊತ್ತಿರಲಿಲ್ಲ. ಆದರೂ ಆ ಮಾತಿನಿಂದಲೇ ಅವನಿಗೆ ದಾರಿ ಕಂಡಿತು. ಇಷ್ಟು ದಿನ ಅವನು ತನ್ನ ತಪ್ಪು ಎಲ್ಲಿದೆ ಎಂದು ಹುಡುಕಿದ್ದ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿರಲಿಲ್ಲ.

ಶುಕ್ರವಾರ ನರಸೀಪುರಕ್ಕೆ ಹೋಗುವಾಗ ಅಂಗಡಿಯಲ್ಲಿ ಬಿಳಿ ಬಟ್ಟೆಗೆ ಹಾಕುವ ನೀಲಿಯ ಎರಡು ಡಬ್ಬಿ ತೆಗೆದುಕೊಂಡ. ಎಂಜಿನ್ ಬ್ಲಾಕು ಬಿರುಕು ಬಿಟ್ಟಿದೆಯೇ ಎಂದು ಒಳಗೆ ಸೀಮೆಎಣ್ಣೆ ಸವರಿ, ಹೊರಗೆ ಸುಣ್ಣ ಬಳಿದು ನೋಡಿದ. ಬಿರುಕಿದ್ದರೆ ಸುಣ್ಣ ಒದ್ದೆಯಾಗಬೇಕು. ಆಗಲಿಲ್ಲ. ಸವೆದಿದ್ದ ಬೇರಿಂಗ್ ಬದಲಿಸಿ, ಚೇಂಬರ್ ತೊಳೆದು ಹೊಸ ಎಣ್ಣೆ ಹಾಕಿದ. ಆಮೇಲೆ ಹೊಳೆಯಿಂದ ನೀರೆಳೆಯುವ ಪೈಪನ್ನು ಬಿಚ್ಚಿ, ಒಂದು ಡ್ರಮ್ಮಿನ ತುಂಬ ನೀಲಿ ಕದಡಿ, ಆ ನೀರೇ ಎಂಜಿನ್ನನ್ನು ಸುತ್ತಿ ಡ್ರಮ್ಮಿಗೆ ವಾಪಸು ಬರುವ ಹಾಗೆ ಜೋಡಿಸಿದ. ದೋಣಿಯನ್ನು ದಡಕ್ಕೆ ಕಟ್ಟಿ ಎರಡು ಗಂಟೆ ಓಡಿಸಿದರೂ ಎಣ್ಣೆಗೆ ಒಂದು ಹನಿ ನೀಲಿ ಇಳಿಯಲಿಲ್ಲ.

"ಸೋಮಾರದ್ ತನ್ಕ ಡ್ರಮ್ ನೀರಲ್ಲೇ ಇರ್ಲಿ ಅಮೃತೇಶಣ್ಣ. ದಿನಾ ಒಂದೊಂದ್ ಗಂಟೆ ಓಡ್ಸು. ಒಳಗ್ ಸೋರ್ತಿದ್ರೆ ಎಣ್ಣೇಲಿ ನೀಲಿ ಬಂದೇ ಬತ್ತದ" ಎಂದು ಹೇಳಿ ಹೊರಟ. ಅಮೃತೇಶ ಆಗಲಿ ಎಂದು ತಲೆಯಾಡಿಸಿದ. ಅವನ ಮುಖ ಸ್ವಲ್ಪ ಸಣ್ಣದಾದದ್ದನ್ನು ನಿಂಗರಾಜು ನೋಡಿದ್ದ. ದೋಣಿ ನಿಂತ ಚಿಂತೆ ಇರಬೇಕು ಎಂದುಕೊಂಡ.

ಕಾರ್ತಿಕದ ಕಡೆಯ ಸೋಮವಾರ ಬೆಳಿಗ್ಗೆ ಬಂದು ಎಣ್ಣೆ ಕಡ್ಡಿ ಎತ್ತಿದ. ಕಾಫಿ. ಅಷ್ಟೇ ಅಲ್ಲ, ತಾನು ಹಾಕಿದ ಗುರುತಿಗಿಂತ ಎರಡು ಬೆರಳು ಮೇಲಕ್ಕೆ ಬಂದಿತ್ತು. ಡ್ರಮ್ಮಿನ ನೀಲಿ ನೀರು ಮಾತ್ರ ಇದ್ದಷ್ಟೇ ಇತ್ತು. ಕೆಳಗಿನ ನಟ್ಟು ಸಡಿಲಿಸಿದಾಗ ಎಣ್ಣೆಗಿಂತ ಮೊದಲು ನೀರು ಬಂತು. ನೀರು ಭಾರ, ತಳದಲ್ಲಿ ಕೂತಿತ್ತು. ಅದನ್ನು ಗಾಜಿನ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿ ನೋಡಿದ. ನೀಲಿಯ ಸುಳಿವೇ ಇಲ್ಲ, ಬೂದುಬೂದಾಗಿ ಕದಡಿಕೊಂಡಿತ್ತು. ಎಂಜಿನ್ನು ಒಳಗೆ ಸೋರುತ್ತಿರಲಿಲ್ಲ. ಗ್ಯಾಸ್ಕೆಟ್ಟು, ರಬ್ಬರು, ಬ್ಲಾಕು ಎಲ್ಲ ಅವನು ಕೂರಿಸಿದ ಹಾಗೇ ಗಟ್ಟಿಯಾಗಿದ್ದವು. ಮೇಲಿನಿಂದ ಯಾರೋ ನೀರು ಹುಯ್ದಿದ್ದರು.

ಒಂದಿಷ್ಟು ನೀರನ್ನು ಬುತ್ತಿಯ ತಟ್ಟೆಗೆ ಹಾಕಿ ಬಿಸಿಲಿಗಿಟ್ಟ. ನೀರು ಆರಿ ತಟ್ಟೆಯಲ್ಲಿ ನವಿರಾದ ಬಿಳಿ ಪುಡಿ ಉಳಿಯಿತು. ಬೆರಳಲ್ಲಿ ಉಜ್ಜಿದ. ಹೊಳೆಯ ಮಣ್ಣಲ್ಲ, ತುಕ್ಕಲ್ಲ. ಎಂಟು ವರ್ಷದಿಂದ ಪುಟ್ಟಬಸಮ್ಮನ ಹಣೆಯ ಮೇಲೆ ನೋಡಿದ್ದ ವಿಭೂತಿ. ಇರಲಾರದು ಎಂದುಕೊಂಡೇ ಮೆಟ್ಟಿಲು ಹತ್ತಿ ಮನೆಯ ಮುಂದೆ ಹೋಗಿ ನಿಂತ.

ಪುಟ್ಟಬಸಮ್ಮ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ನಿಂಗರಾಜು ನೆಲ ನೋಡುತ್ತ ಕೇಳಿದ. "ಅವ್ವಾರೆ, ಎಂಜಿನ್ ಒಳುಕ್ಕ ನೀರೇನಾರ ಉಯ್ದಿದ್ರಾ?"

"ಊ ಕಣಪ್ಪ" ಎಂದಳು ಮುದುಕಿ, ಉಪ್ಪು ಹಾಕಿದೆಯಾ ಎಂದು ಕೇಳಿದವರಿಗೆ ಹೇಳುವಷ್ಟೇ ಸಲೀಸಾಗಿ. "ಸುದ್ದ ಮಾಡದು ಬ್ಯಾಡ್ವ? ಮೊದ್ಲು ನೀನು ಮ್ಯಾಲ್‌ಮ್ಯಾಲೆ ಮುಟ್ಟಿ ಓಗ್ತಿದ್ದೆ, ನಾವೂ ಮ್ಯಾಲ್‌ಮ್ಯಾಲೆ ಚಿಮುಕುಸ್ತಿದ್ದೊ. ಈಗ ನಿನ್ನ ಕೈ ಒಳುಕ್ಕೇ ಓಯ್ತಲ್ಲ. ಒಳುಕ್ಕ ಓದ್ ಕೈಗೆ ನೀರೂ ಒಳುಕ್ಕ ಓಗ್‌ಬೇಕಲ್ವ? ದೇವ್ರ ಕಳಸ ಕೂರ ದ್ವಾಣಿ ಅದು. ಬೇಜಾರ್ ಮಾಡ್ಕಬ್ಯಾಡ, ನಿನ್ ಮ್ಯಾಲೇನೂ ಇಲ್ಲ. ನಮ್ಮಮೃತೇಶ್ನೂ ನಿಮ್ಮೂರಲ್ಲಿ ಟೀ ಕುಡುದ್ ಬಂದ್ ಜಿನ ಒಳೇಲಿ ಮುಳುಗಾಕಂಡೇ ಒಳುಕ್ಕ ಬಂದ."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನಿಂಗರಾಜುವಿನಿಂದ ಆಗಲಿಲ್ಲ. ಅವಳು ಒಂದು ದಿನವೂ ಅವನ ಹೆಗಲ ಮೇಲೆ ಕೈ ಹಾಕಿದವಳಲ್ಲ, ಏನನ್ನೂ ನಂಬಿಸಿದವಳಲ್ಲ. ಆದರೆ ಎಣ್ಣೆ ಹಾಕುವ ಮುಚ್ಚಳದ ತಿರುಪು ಸವೆದು, ಒತ್ತಿ ಹಿಡಿದು ತಿರುಗಿಸಿದರೆ ಮಾತ್ರ ಬಿಚ್ಚುತ್ತಿತ್ತು. ಅದರ ಮರ್ಮ ಅವನಿಗೂ ಅಮೃತೇಶನಿಗೂ ಮಾತ್ರ ಗೊತ್ತು. ಕೇಳುವುದು ಬೇಡ ಎಂದುಕೊಂಡರೂ ಬಾಯಿ ಕೇಳಿಬಿಟ್ಟಿತು. "ಮುಚ್ಚಳ ಯಾರ್ ಬಿಚ್ಚುದ್ರು?"

"ನಂಗೆಲ್ಲಿ ಗೊತ್ತಾದ್ದು ಅದು. ಅಮೃತೇಶ್ನೇ ಬಿಚ್ಕೊಟ್ಟ."

ಅಮೃತೇಶ ದೋಣಿಯ ಹತ್ತಿರ ಹಗ್ಗ ಸುತ್ತುತ್ತಿದ್ದ. ನಿಂಗರಾಜು ಏನೂ ಹೇಳದೆ ತಟ್ಟೆ ಮುಂದೆ ಹಿಡಿದ. ಅಮೃತೇಶ ಅದರಲ್ಲಿದ್ದ ಪುಡಿ ನೋಡಿದ, ಆಮೇಲೆ ಹೊಳೆ ನೋಡಿದ.

"ಒಂದ್ ಚೊಂಬ್ ನೀರಿಗೆ ಏನಾದ್ದು ಅನ್ಕಂಡಿದ್ದೆ ಕಣ್ಲಾ, ಮೊದ್ಲ್ ಸಲ."

"ಎರಡ್ನೇ ಸಲ?"

ಅಮೃತೇಶ ಹಗ್ಗವನ್ನು ಇನ್ನೊಂದು ಸುತ್ತು ಸುತ್ತಿದ.

"ನಾನ್ ಲೈನರ್ ಎತ್ತೋವಾಗ ಪಕ್ಕದಲ್ಲೇ ಕೂತು ಬ್ಯಾಟ್ರಿ ಬುಟ್ಟಲ್ಲ. ಸಿಕ್ತಾ ಸಿಕ್ತಾ ಅಂತ ಕೇಳ್ದಲ್ಲ. ಗೊತ್ತಿತ್ತಾಗ್ಲೇ ನಿಂಗೆ?"

"ಅವ್ವ ಬುಡ್ಲಿಲ್ಲ ನಿಂಗ. ಬರೋ ಜನ್ವೂ ಕೇಳ್ತಾರ, ಯಾರ್ ಮುಟ್ಟಿದ್ದು, ಏನ್ ಮಾಡ್ದೆ ಅಂತ. ದ್ವಾಣಿ ನಡೀಬೇಕಲ್ವ? ನಿಂಗೆ ಏಳುದ್ರ ನೊಂದ್ಕತೀಯ ಅಂತ ಏಳ್ಲಿಲ್ಲ. ಯಾರ್ಗೂ ಏಳ್‌ಬ್ಯಾಡ, ನಿನ್ ದಮ್ಮಯ್ಯ ಅಂತೀನಿ."

ನೋಯಬಾರದೆಂದು ಹೇಳಲಿಲ್ಲವಂತೆ. ಒಂದು ತಿಂಗಳು ಅವನು ತನ್ನ ಕೈಯನ್ನೇ ಶಪಿಸಿಕೊಂಡು ಓಡಾಡಿದ್ದು ನೋವಲ್ಲವಂತೆ. ನೀರು ಹುಯ್ದದ್ದಕ್ಕಿಂತ, ಹುಯ್ದದ್ದು ಗೊತ್ತಿದ್ದೂ ತನ್ನನ್ನು ಹುಡುಕಲು ಬಿಟ್ಟನಲ್ಲ, ಅದು ಅವನನ್ನು ಸುಟ್ಟಿತು. ನಂಬಿಸಿ ಕತ್ತು ಕುಯ್ಯುವುದು ಎಂದರೆ ಇದೇ. ಆ ಎಂಟು ವರ್ಷದ ಒಂದೊಂದು ದಿನವನ್ನೂ ನೆನೆದುಕೊಂಡ. ತಾನು ಬಸ್ಸು ಹತ್ತಿದ ಮೇಲೆ ಇಲ್ಲಿ ಒಂದು ಚೊಂಬು ಹೊರಗೆ ಬರುತ್ತಿತ್ತು.

"ಏಳಲ್ಲ. ನೀನೇ ಏಳು. ತಪ್ಪು ನಿಂಗನ್ ಕೈದಲ್ಲ ಅಂತ ಒಂದ್ ಮಾತು ಜನದ್ ಮುಂದೆ ಏಳು, ಸಾಕು" ಎಂದು ಎಂಜಿನ್ನಿಗೆ ಬಗ್ಗಿದ. ಅರ್ಧಕ್ಕೆ ಬಿಟ್ಟು ಹೋಗಲು ಕೈ ಬರಲಿಲ್ಲ. ಎಂಜಿನ್ನಿನದೇನು ತಪ್ಪು? ಚೇಂಬರಿನೊಳಗೆ ಕೈ ಹಾಕಿ ಬಟ್ಟೆಯಲ್ಲಿ ಒರೆಸಿ, ಹೊಸ ಎಣ್ಣೆ ತುಂಬಿ, ಮುಚ್ಚಳ ಬಿಗಿದು, ಹೊಳೆಯ ಪೈಪು ಜೋಡಿಸುವಷ್ಟರಲ್ಲಿ ಹತ್ತು ಗಂಟೆಯಾಗಿತ್ತು. ದಡದಲ್ಲಿ ಒಂದು ಊರಿನವರು ಹೊಂಬಾಳೆ ಸಿಕ್ಕಿಸಿದ ಕಳಶಗಳನ್ನು ಹಿಡಿದು ಕಾಯುತ್ತಿದ್ದರು. ಹ್ಯಾಂಡಲ್ ಒಂದೇ ಸುತ್ತಿಗೆ ಎಂಜಿನ್ನು ಹತ್ತಿಕೊಂಡಿತು. ಅಷ್ಟು ಹಗುರವಾದ ಸದ್ದು ಆ ದೋಣಿಯಿಂದ ಯಾವತ್ತೂ ಬಂದಿರಲಿಲ್ಲ.

ಕಳಶ ಹಿಡಿದಿದ್ದ ಹಿರಿಯರೊಬ್ಬರು ದಡದಿಂದಲೇ ಕೇಳಿದರು. "ಏನಾಗಿತ್ತಪ್ಪ ಅಮೃತೇಶ, ಎಂಜಿನ್ಗೆ?"

ಅಮೃತೇಶ ನಿಂಗರಾಜುವಿನ ಮುಖ ನೋಡಲಿಲ್ಲ. "ಗ್ಯಾಸ್ಕೆಟ್ ಸರ್ಯಾಗಿ ಕೂರ್ಸಿರ್ಲಿಲ್ಲ ಕಣ್ರೀ. ಈಗ ಸರಿ ಮಾಡವ್ನ" ಎಂದ.

ನಿಂಗರಾಜು ಸ್ಪ್ಯಾನರನ್ನು ಚೀಲಕ್ಕೆ ಹಾಕುತ್ತಿದ್ದವನು ಎದ್ದು ನಿಂತ. ಅಷ್ಟು ಜನರ ಎದುರು ಅವನು ಯಾವತ್ತೂ ಗಂಟಲೆತ್ತಿ ಮಾತಾಡಿದವನಲ್ಲ. ಮಾತಾಡಬೇಕೆಂದರೆ ತನಗಾದ ಅವಮಾನವನ್ನು ತನ್ನ ಬಾಯಲ್ಲೇ ಹೇಳಿಕೊಳ್ಳಬೇಕು. ಆದರೂ ಹೇಳಿದ.

"ಗ್ಯಾಸ್ಕೆಟ್ ನಾನ್ ಸರ್ಯಾಗೇ ಕೂರ್ಸಿದ್ದೆ ಸಾ. ಎಂಜಿನ್ ಒಳುಕ್ಕ ನನ್ ಕೈ ಓಯ್ತು ಅಂತ, ಸುದ್ದ ಮಾಡಕ್ಕೆ ಇವ್ರು ಒಳುಕ್ಕ ನೀರ್ ಉಯ್ದ್ರು. ಅದುಕ್ಕೆ ಎಂಜಿನ್ ಕೆಡ್ತು. ನನ್ ಕೈಯಿಂದಲ್ಲ."

ಎಂಜಿನ್ನು ಒಂದೇ ಸಮನೆ ಓಡುತ್ತಿತ್ತು. ಹಿರಿಯರು ನಿಂಗರಾಜುವನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಕಳಶವನ್ನು ಎದೆಗೆ ಹತ್ತಿರ ಹಿಡಿದುಕೊಂಡರು. ಆಮೇಲೆ ಅಮೃತೇಶನ ಕಡೆ ತಿರುಗಿದರು.

"ಇವತ್ತೂ ಒಳಗ್ ಮುಟ್ಟವ್ನಾ?"

ಅಮೃತೇಶ ಹೂಂ ಎಂದ.

"ಮತ್ತೆ? ಇನ್ನೂ ಏನೂ ಮಾಡಿಲ್ವ?"

ಪುಟ್ಟಬಸಮ್ಮ ಆಗಲೇ ಚೊಂಬು ಹಿಡಿದು ಮೆಟ್ಟಿಲು ಇಳಿದು ಬಂದಿದ್ದಳು. ಅಮೃತೇಶ ಅದನ್ನು ಅವಳ ಕೈಯಿಂದ ತೆಗೆದುಕೊಂಡ. ನಿಂಗರಾಜು ಚೀಲ ಹೆಗಲಿಗೇರಿಸಿ ದೋಣಿಯಿಂದ ಇಳಿದು, ಜನ ಬಿಟ್ಟುಕೊಟ್ಟ ದಾರಿಯಲ್ಲಿ ನಾಲ್ಕು ಮೆಟ್ಟಿಲು ಹತ್ತಿ ಹಿಂತಿರುಗಿ ನೋಡಿದ. ಅಮೃತೇಶ ಎಂಜಿನ್ನಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಮೊದಲು ಎಣ್ಣೆಯ ಮುಚ್ಚಳ ಭದ್ರವಾಗಿದೆಯೇ ಎಂದು ಬಿಗಿದು ನೋಡಿದ. ಭದ್ರವಾಗಿತ್ತು. ಆಮೇಲೆ ಚೊಂಬಿಗೆ ಕೈ ಅದ್ದಿ, ಎಂಜಿನ್ನಿನ ಮೇಲೆ ಮೂರು ಸಲ ಚಿಮುಕಿಸಿದ.